ಲಿವರಿನಲ್ಲಿ ಕೀವು: ಶುಗರ್ ಇದ್ದವರಲ್ಲಿ ನಾನು ನೋಡುವುದು ಏನು?

ಕರಾವಳಿಯಲ್ಲಿ ಫಿಸಿಶಿಯನ್ ಆಗಿರುವವನಿಗೆ ಮಳೆಗಾಲದಲ್ಲಿ ಜ್ವರದ ರೋಗಿಗಳಿಗೆ ಬರವಿಲ್ಲ. ಡೆಂಗಿ, ಮಲೇರಿಯಾ, ಇಲಿಜ್ವರ ಅಂತ ತಲೆ ಅತ್ತಲೇ ಓಡುತ್ತದೆ. ಆದರೆ ಶುಗರ್ ಇರುವವರಿಗೆ ವಾರ ಕಳೆದರೂ ನಡುಕದ ಜ್ವರ ಬಿಡದಿದ್ದರೆ ಲಿವರಿನಲ್ಲಿ ಕೀವು ಇದೆಯೇ ಎಂದು ನೋಡಲು ನಾನು ಹೊಟ್ಟೆಯ ಸ್ಕ್ಯಾನಿಂಗ್ ಬರೆದುಬಿಡುತ್ತೇನೆ.

"ಹೊಟ್ಟೆನೋವೇ ಇಲ್ವಲ್ಲ ಡಾಕ್ಟ್ರೇ, ಸ್ಕ್ಯಾನಿಂಗ್ ಯಾಕೆ?" ಎಂದು ಕೇಳುವವರೇ ಜಾಸ್ತಿ. ಕೇಳುವುದು ಸಹಜ. ಶುಗರ್ ಇಲ್ಲದವರು ಸಾಮಾನ್ಯವಾಗಿ ಬಲಪಕ್ಕೆ ಹಿಡಿದುಕೊಂಡೇ ಬರುತ್ತಾರೆ. ಶುಗರ್ ಇರುವವರಲ್ಲಿ ನೋವು ಎಷ್ಟೋ ಸಲ ಮಂಕಾಗಿರುತ್ತದೆ. ಬಲಗಡೆ ಪಕ್ಕೆಲುಬುಗಳ ನಡುವೆ ಬೆರಳಿಟ್ಟು ಒತ್ತಿದಾಗ ಮಾತ್ರ ಮುಖ ಹಿಂಡುತ್ತಾರೆ. ಕೆಲವರಿಗಂತೂ ಶುಗರ್ ಇದೆ ಎಂದು ಗೊತ್ತಾಗುವುದೇ ಈ ಜ್ವರಕ್ಕೆ ಅಡ್ಮಿಟ್ ಆದ ಮೇಲೆ.

ಕೀವು ಎಲ್ಲಿಂದ ಬಂತು ಎನ್ನುವುದೂ ಬೇರೆ ಬೇರೆ. ಶುಗರ್ ಇಲ್ಲದವರಲ್ಲಿ ನಾನು ಮೊದಲು ಪಿತ್ತಕೋಶದ ಕಲ್ಲು, ಪಿತ್ತನಾಳದ ತಡೆ, ಅಪೆಂಡಿಕ್ಸ್ ಹುಡುಕುತ್ತೇನೆ. ಅಲ್ಲಿ ಇ. ಕೋಲೈ ಎಂಬ ಕರುಳಿನ ರೋಗಾಣುವಿನ ಜೊತೆಗೆ ಇನ್ನೆರಡು ರೋಗಾಣು ಸೇರಿರುವುದುಂಟು. ಶುಗರ್ ಇರುವವರಲ್ಲಿ ಎಷ್ಟೋ ಸಲ ಕಲ್ಲೂ ಇಲ್ಲ, ತಡೆಯೂ ಇಲ್ಲ, ಆದರೂ ಕೀವು ಇದೆ. ಕಲ್ಚರ್‌ನಲ್ಲಿ, ಅಂದರೆ ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಹೆಚ್ಚಾಗಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಒಂದೇ ಬೆಳೆದಿರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದಾಗ ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗಿ ಕೊಲ್ಲುವುದರಲ್ಲಿ ಸೋಲುತ್ತವೆ.

ಈ ಕ್ಲೆಬ್ಸಿಯೆಲ್ಲಾದಲ್ಲೇ ಒಂದು ಉಗ್ರ ತಳಿ ಇದೆ. 1980ರ ದಶಕದಲ್ಲಿ ತೈವಾನಿನ ವೈದ್ಯರು ಮೊದಲು ಗುರುತಿಸಿದ್ದು. ಲ್ಯಾಬಿನಲ್ಲಿ ತಟ್ಟೆಯ ಮೇಲೆ ಬೆಳೆದ ಚುಕ್ಕೆಯನ್ನು ತಂತಿಯಿಂದ ಎತ್ತಿದರೆ ಹಲಸಿನ ಮೇಣದ ಹಾಗೆ ಎಳೆ ಬರುತ್ತದೆ. ಎಳೆ 5 ಮಿಲಿಮೀಟರ್ ದಾಟಿದರೆ ಅನುಮಾನ ಗಟ್ಟಿ. ಇದು ಲಿವರಿನಲ್ಲೇ ನಿಲ್ಲದೆ ಶ್ವಾಸಕೋಶಕ್ಕೆ, ಮಿದುಳಿಗೆ, ಕಣ್ಣಿಗೆ ಹೋಗಬಹುದು. ಹಾಗಾಗಿ ರೌಂಡ್ಸಿನಲ್ಲಿ ದಿನಾ ಕೇಳುತ್ತೇನೆ, "ಕಣ್ಣು ಮಂಜಾಗ್ತಿದೆಯಾ?" ಹೌದು ಎಂದರೆ ಅವತ್ತೇ ಕಣ್ಣಿನ ಡಾಕ್ಟರನ್ನು ಕರೆಸಬೇಕು. ನಾಳೆ ನೋಡೋಣ ಎಂದರೆ ದೃಷ್ಟಿಯೇ ಹೋಗಬಹುದು.

ನಮ್ಮ ಉಡುಪಿ, ಮಂಗಳೂರು ಕಡೆ ಇನ್ನೊಂದು ಕಾಟ ಮೆಲಿಯಾಯ್ಡೋಸಿಸ್. ಗದ್ದೆಯ ಮಣ್ಣು, ನೀರಿನಲ್ಲಿರುವ ರೋಗಾಣು. ಶುಗರ್ ಇರುವವರನ್ನೇ ಹೆಚ್ಚು ಹಿಡಿಯುತ್ತದೆ. ಲಿವರ್ ಜೊತೆ ಸ್ಪ್ಲೀನಿನಲ್ಲೂ (ಗುಲ್ಮ) ಕೀವು ಕಂಡರೆ ಈ ರೋಗದ ಅನುಮಾನ ಇದೆ ಎಂದು ನಾನು ಲ್ಯಾಬಿಗೆ ಫೋನ್ ಮಾಡಿ ಹೇಳುತ್ತೇನೆ. ಹೇಳದಿದ್ದರೆ ನೋಡಲು ಹೋಲುವ ಬೇರೆ ಯಾವುದೋ ಸ್ಯೂಡೋಮೊನಾಸ್ ರೋಗಾಣು ಎಂದು ಬದಿಗಿಡುವ ಸಾಧ್ಯತೆ ಇದೆ. ಇದಕ್ಕೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್ ಕನಿಷ್ಠ 2 ವಾರ, ಆಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ಕನಿಷ್ಠ 3 ತಿಂಗಳು ಬೇಕು.

ಆ್ಯಂಟಿಬಯಾಟಿಕ್ ಹಾಕುವ ಮೊದಲೇ ಬ್ಲಡ್ ಕಲ್ಚರ್ ತೆಗೆಸುವುದು ನನ್ನ ಹಟ. ಅಮೀಬಾದ ಕೀವೂ ಇರಬಹುದು, ಅದಕ್ಕೇ ಶುರುವಿನಲ್ಲಿ ಮೆಟ್ರೋನಿಡಜೋಲ್ ಸೇರಿಸುತ್ತೇನೆ. ಕೀವು 5 ಸೆಂಟಿಮೀಟರ್ ದಾಟಿದ್ದರೆ ಪಿಗ್‌ಟೇಲ್ ಎಂಬ ಸಣ್ಣ ಕೊಳವೆ ಹಾಕಿಸಿ ಹೊರಗೆ ಹರಿಸುತ್ತೇನೆ. ಚಿಕ್ಕದಿದ್ದರೆ ಸೂಜಿಯಲ್ಲಿ ಎಳೆದರೂ ಆಯಿತು. ಕೀವು ಇನ್ನೂ ನೀರಾಗದೆ ಗಟ್ಟಿಯಾಗಿದ್ದರೆ ಸುಮ್ನೆ ಚುಚ್ಚಿ ಪ್ರಯೋಜನವಿಲ್ಲ, ಕಾಯಬೇಕು.

ಶುಗರ್ ಮಾತ್ರೆ ನಿಲ್ಲಿಸಿ ಇನ್ಸುಲಿನ್‌ಗೆ ಬರುತ್ತೇನೆ. ಆಸ್ಪತ್ರೆಯಲ್ಲಿರುವಾಗ ರಕ್ತದ ಸಕ್ಕರೆ 140ರಿಂದ 180ರ (mg/dL) ನಡುವೆ ಇದ್ದರೆ ಸಾಕು. ಇಲ್ಲಿ ಒಂದು ಎಚ್ಚರ ಬೇಕು. ಕೀವು ಹೊರಬಂದು ಜ್ವರ ಇಳಿಯುತ್ತಿದ್ದಂತೆ ಇನ್ಸುಲಿನ್ ಬೇಕಾಗುವುದೂ ಇಳಿಯುತ್ತದೆ. ನಿನ್ನೆಯ ಡೋಸನ್ನೇ ಇವತ್ತೂ ಕೊಟ್ಟರೆ ಬೆಳಗಿನ ಜಾವ ಶುಗರ್ ಲೋ ಆಗಿ ರೋಗಿ ಬೆವರುತ್ತಾ ಕೂತಿರುತ್ತಾರೆ.

ಸಾಮಾನ್ಯ ಕೀವಿಗೆ ಔಷಧಿ ಒಟ್ಟು 4ರಿಂದ 6 ವಾರ. ಆಮೇಲೂ ಸ್ಕ್ಯಾನಿಂಗ್‌ನಲ್ಲಿ ಟೊಳ್ಳು ಕಾಣುತ್ತದೆ, ಅದು ತುಂಬಲು ತಿಂಗಳುಗಳೇ ಬೇಕು. "ಇನ್ನೂ ಇದೆಯಂತಲ್ಲ!" ಎಂದು ಮನೆಯವರು ರಿಪೋರ್ಟ್ ಹಿಡಿದು ಓಡಿ ಬರುತ್ತಾರೆ. ಜ್ವರ ಇಲ್ಲ, ಊಟ ಸೇರುತ್ತಿದೆ, ಬಿಳಿ ರಕ್ತಕಣಗಳ ಕೌಂಟ್ ಇಳಿದಿದೆ ಎಂದಾದರೆ ನಾನು ಮತ್ತೆ ಇಂಜೆಕ್ಷನ್ ಬರೆಯುವುದಿಲ್ಲ.