ಜಂಟಿ ಖಾತೆ ಉಂಟು, ಜಂಟಿ ರಿಟರ್ನ್ ಇಲ್ಲ: ದಂಪತಿ ತೆರಿಗೆ ಲೆಕ್ಕ ಹಾಕುವುದು ಹೇಗೆ?

ಮಂಗಳೂರಿನ ಒಂದು ಮನೆಯಲ್ಲಿ ಗಂಡ ಹೆಂಡತಿಗೆ ತಲಾ 10 ಲಕ್ಷ ರೂ. ಸಂಬಳ ಎಂದುಕೊಳ್ಳಿ. ಹೊಸ ಪದ್ಧತಿಯಲ್ಲಿ 2025-26ರ ಆದಾಯಕ್ಕೆ ಇಬ್ಬರ ತೆರಿಗೆಯೂ ಸೊನ್ನೆ. ಪಕ್ಕದ ಮನೆಯಲ್ಲಿ ಒಬ್ಬರೇ 20 ಲಕ್ಷ ತರುತ್ತಾರೆ. 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೂ ಸೆಸ್ ಸೇರಿ 1,92,400 ರೂ. ಕಟ್ಟಬೇಕು. ಬೇಕೆನ್ನುವ ದಂಪತಿಗೆ ಒಟ್ಟಿಗೆ ರಿಟರ್ನ್ ಸಲ್ಲಿಸುವ ಆಯ್ಕೆ ಕೊಡಿ ಎಂದು ಲೆಕ್ಕ ಪರಿಶೋಧಕರ ಸಂಸ್ಥೆ ಐಸಿಎಐ ಬಜೆಟ್‌ಗೆ ಮುನ್ನ ಸಲಹೆ ಮಾಡಿತ್ತು. ಸಲಹೆ ನ್ಯಾಯವಾದದ್ದೇ. ಆದರೆ 2025-26ರ ಆದಾಯಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯಿದೆಯಲ್ಲಿ ಅದಕ್ಕೆ ಜಾಗವಿಲ್ಲ: ಎರಡು ಪಾನ್, ಎರಡು ರಿಟರ್ನ್. (ಕಾರವಾರ ದಾಟಿದರೆ ಕತೆ ಬೇರೆ. ಪೋರ್ಚುಗೀಸ್ ಸಿವಿಲ್ ಕೋಡ್‌ಗೆ ಒಳಪಟ್ಟ ಗೋವಾದ ದಂಪತಿಗೆ, ಸಂಬಳ ಬಿಟ್ಟು ಉಳಿದ ಆದಾಯವನ್ನು ಸೆಕ್ಷನ್ 5ಎ ಸಮಪಾಲು ಮಾಡುತ್ತದೆ.)

ಮೊದಲ ಕೆಲಸ: ಮನೆಯ ಎಲ್ಲ ಎಫ್‌ಡಿ, ಬಾಡಿಗೆ, ಷೇರುಗಳ ಪಟ್ಟಿ ಮಾಡಿ, ಪ್ರತಿಯೊಂದರ ಎದುರು ‘ದುಡ್ಡು ಯಾರದ್ದು’ ಎಂದು ಬರೆಯಿರಿ. ‘ಹೆಸರು ಯಾರದ್ದು’ ಎಂದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಬೆಂದೂರ್‌ವೆಲ್‌ನ ಫ್ಲ್ಯಾಟ್‌ನ ಕ್ರಯಪತ್ರದಲ್ಲಿ ಹೆಂಡತಿಯ ಹೆಸರಿದ್ದರೂ ಪೂರ್ತಿ ಹಣ ಗಂಡನದ್ದಾದರೆ ಬಾಡಿಗೆಯೂ ಗಂಡನ ಲೆಕ್ಕಕ್ಕೇ. ಹೆಂಡತಿಗೆ ತವರಿನ ಪಾಲಾಗಿ ಬಂದ ಉಡುಪಿಯ ಅಂಗಡಿಯ ಬಾಡಿಗೆ ಅವಳದ್ದೇ.

ಎರಡನೆಯದು, ಕೂಡಿಸುವ ಲೆಕ್ಕ. ಹೆಂಡತಿಗೆ ಹಣ ಕೊಟ್ಟರೆ ಅದಕ್ಕೆ ತೆರಿಗೆಯಿಲ್ಲ, ನಿಜ. ಆದರೆ ಆ ಹಣದಿಂದ ಹುಟ್ಟಿದ ಆದಾಯವನ್ನು ಸೆಕ್ಷನ್ 64 ಕೊಟ್ಟವರ ತಲೆಗೇ ಕಟ್ಟುತ್ತದೆ. ಗಂಡ ಕೊಟ್ಟ 10 ಲಕ್ಷವನ್ನು ಹೆಂಡತಿ ಶೇ. 7ರ ಠೇವಣಿಯಲ್ಲಿಟ್ಟರೆ 70,000 ರೂ. ಬಡ್ಡಿ ಗಂಡನ ಆದಾಯ. ಗಂಡನ ತೆರಿಗೆಯ ಆದಾಯ ಮೊದಲು 11.80 ಲಕ್ಷ ಇದ್ದಿದ್ದರೆ 12 ಲಕ್ಷದವರೆಗಿನ ರಿಯಾಯಿತಿಯಿಂದ ತೆರಿಗೆ ಸೊನ್ನೆಯಾಗುತ್ತಿತ್ತು. ಬಡ್ಡಿ ಸೇರಿ 12.50 ಲಕ್ಷವಾದಾಗ ಮಾರ್ಜಿನಲ್ ರಿಲೀಫ್ (12 ಲಕ್ಷ ಮೀರಿದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗದಂತೆ ಕೊಡುವ ಕಡಿತ) ಸಿಕ್ಕಿಯೂ ಸೆಸ್ ಸಹಿತ 52,000 ರೂ. ಕಟ್ಟಬೇಕು. ಬಂದ ಬಡ್ಡಿಯಲ್ಲಿ ಕೈಗೆ ಉಳಿಯುವುದು 18,000! ಸಮಾಧಾನವೆಂದರೆ, ಆ 70,000ವನ್ನು ಹೆಂಡತಿ ಮತ್ತೆ ಶೇ. 7ಕ್ಕೆ ಠೇವಣಿಯಿಟ್ಟರೆ ಬರುವ 4,900 ಅವಳ ಸ್ವಂತದ್ದು. ಹಾಗಾಗಿ ಅಸಲಿನ ಎಫ್‌ಡಿಗೂ ಬಡ್ಡಿಯ ಎಫ್‌ಡಿಗೂ ಬೇರೆ ಬೇರೆ ರಸೀದಿ ಇಟ್ಟುಕೊಳ್ಳಿ. ಒಂದರಲ್ಲೇ ಬೆರೆಸಿಬಿಟ್ಟರೆ ಮುಂದೆ ಬಿಡಿಸುವುದು ಕಷ್ಟ.

ಗಲ್ಫ್‌ನಲ್ಲಿರುವ ಗಂಡನಿಂದ ಮನೆಖರ್ಚಿಗೆ ಬರುವ ಹಣ ಹೆಂಡತಿಯ ಆದಾಯವಲ್ಲ. ಅದನ್ನೇ ಅವಳು ಊರಿನ ಬ್ಯಾಂಕಿನಲ್ಲಿ ಠೇವಣಿಯಿಟ್ಟರೆ ಬಡ್ಡಿ ಗಂಡನ ಲೆಕ್ಕಕ್ಕೆ ಹೋಗುತ್ತದೆ. 12 ಲಕ್ಷದವರೆಗಿನ ರಿಯಾಯಿತಿ ಅನಿವಾಸಿಗೆ ಸಿಗದು ಎಂಬುದೂ ನೆನಪಿರಲಿ.

ಮೂರನೆಯದು, ಟಿಡಿಎಸ್, ಅಂದರೆ ಬಡ್ಡಿ ಕೊಡುವಾಗಲೇ ಬ್ಯಾಂಕ್ ಹಿಡಿದುಕೊಳ್ಳುವ ತೆರಿಗೆ. ಜಂಟಿ ಠೇವಣಿಯಲ್ಲಿ ಬ್ಯಾಂಕ್ ಕಡಿತ ಮಾಡುವುದು ಮೊದಲ ಹೆಸರಿನವರ ಪಾನ್‌ಗೆ. 60 ದಾಟದವರಿಗೆ ವರ್ಷದ ಬಡ್ಡಿ 50,000 ಮೀರಿದರೆ ಶೇ. 10 ಕಡಿತ. ಮೇಲಿನ ಉದಾಹರಣೆಯಲ್ಲಿ ಬಡ್ಡಿ ಗಂಡನ ಆದಾಯ, ಆದರೆ ಕಡಿತವಾದ 7,000 ಇರುವುದು ಹೆಂಡತಿಯ 26ಎಎಸ್‌ನಲ್ಲಿ (ಪಾನ್‌ಗೆ ಜಮೆಯಾದ ತೆರಿಗೆಯ ವಿವರಪಟ್ಟಿ). ಕಡಿತಕ್ಕೆ ಮೊದಲೇ ನಿಯಮ 37ಬಿಎ ಪ್ರಕಾರ ಬ್ಯಾಂಕಿಗೆ ಘೋಷಣೆ ಬರೆದುಕೊಟ್ಟರೆ ಅದು ಗಂಡನ ಪಾನ್‌ಗೇ ಜಮೆಯಾಗುತ್ತದೆ. ಇನ್ನೊಬ್ಬರ ಹೆಸರಿನ ಟಿಡಿಎಸ್ ಕೇಳುವವರಿಗೆ ಐಟಿಆರ್-1 ನಡೆಯದು. ಐಟಿಆರ್-2 ತೆಗೆದುಕೊಂಡು, ಟಿಡಿಎಸ್ ಶೆಡ್ಯೂಲ್‌ನಲ್ಲಿ ಹೆಂಡತಿಯ ಪಾನ್ ನಮೂದಿಸಿ, ಕೂಡಿಸಿದ ಬಡ್ಡಿಯನ್ನು ‘ಎಸ್‌ಪಿಐ’ ಶೆಡ್ಯೂಲ್‌ನಲ್ಲಿ ತೋರಿಸಿ. ಅದೇ 7,000ಕ್ಕೆ ಹೆಂಡತಿಯೂ ರಿಫಂಡ್ ಕೇಳಬಾರದು.

ಗೃಹಸಾಲ ಇದ್ದವರು ಹಳೆಯ ಪದ್ಧತಿಯನ್ನೂ ಲೆಕ್ಕ ಹಾಕಿ ನೋಡಿ. ಇಬ್ಬರೂ ಮಾಲೀಕರು, ಇಬ್ಬರೂ ಸಾಲಗಾರರಾಗಿ ಇಬ್ಬರ ಖಾತೆಯಿಂದಲೂ ಕಂತು ಹೋಗುತ್ತಿದ್ದರೆ ಸ್ವಂತ ವಾಸದ ಮನೆಯ ಬಡ್ಡಿಗೆ ತಲಾ 2 ಲಕ್ಷದವರೆಗೆ ವಿನಾಯಿತಿ ಉಂಟು.

ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಇಬ್ಬರೂ ಬೇರೆ ಬೇರೆಯಾಗಿ ಇ-ವೆರಿಫೈ ಮಾಡಬೇಕು. ಆಧಾರ್ ಒಟಿಪಿ ಬರುವುದು ಅವರವರ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ. ಹೆಂಡತಿಯ ಆಧಾರ್‌ಗೆ ಹಳೆಯ ನಂಬರ್ ಇದ್ದರೆ ಅದನ್ನು ಜುಲೈ ಕೊನೆಗೆ ಉಳಿಸಿಕೊಳ್ಳದೆ ಈಗಲೇ ಬದಲಿಸಿ.