ಬೆರಳಿಗಂಟಿದ ಬೆಳ್ಳುಳ್ಳಿ ವಾಸನೆ: ಸೋಪು ಕೊನೆಗಿರಲಿ

ಅಡುಗೆ ಮುಗಿದು, ಪಾತ್ರೆ ತೊಳೆದು, ಎರಡು ಸಲ ಸೋಪು ಹಾಕಿ ಕೈ ಉಜ್ಜಿದ್ದೂ ಆಗಿರುತ್ತದೆ. ರಾತ್ರಿ ಮಲಗಿ ಹೊದಿಕೆ ಮೇಲಕ್ಕೆಳೆದುಕೊಂಡರೆ ಮೂಗಿಗೆ ಬಡಿಯುವುದು ಮತ್ತದೇ ಬೆಳ್ಳುಳ್ಳಿ! ಸೋಪೇ ಸರಿಯಿಲ್ಲ ಅಂತ ಬೈದುಕೊಳ್ಳುತ್ತೇವೆ. ಬಹಳಷ್ಟು ಸಲ ತಪ್ಪು ಸೋಪಿನದ್ದಲ್ಲ, ಮೊದಲೇ ಅದಕ್ಕೆ ಕೈ ಹಾಕುವ ನಮ್ಮದು.

ಸಿಪ್ಪೆ ಬಿಡಿಸದ ಬೆಳ್ಳುಳ್ಳಿ ಎಸಳನ್ನು ಮೂಸಿ ನೋಡಿ, ಅಂಥ ವಾಸನೆಯೇನೂ ಇರುವುದಿಲ್ಲ. ಜಜ್ಜಿದಾಗ ಒಳಗೆ ಬೇರೆ ಬೇರೆಯಾಗಿದ್ದ ಅಲಿಯಿನ್ ಎಂಬ ವಸ್ತುವೂ ಅಲಿನೇಸ್ ಎಂಬ ಕಿಣ್ವವೂ ಸೇರಿ ಅಲಿಸಿನ್ ಹುಟ್ಟುತ್ತದೆ. ಅದು ಒಡೆದು ಆಗುವ ಗಂಧಕದ ವಸ್ತುಗಳು ಬರೀ ನೀರಿಗೆ ಜಗ್ಗುವುದಿಲ್ಲ, ಎಣ್ಣೆಗಾದರೆ ಕರಗುತ್ತವೆ. ಹಾಗಾಗಿ ಚರ್ಮದ ಜಿಡ್ಡಿನಲ್ಲಿ ಹಾಯಾಗಿ ಕೂತುಬಿಡುತ್ತವೆ. ಈರುಳ್ಳಿ ವಾಸನೆಯೂ ಗಂಧಕದ್ದೇ.

ಹೆಚ್ಚಿದ ಕೂಡಲೇ, ರಸ ಒಣಗುವ ಮೊದಲು, ಕೈಯನ್ನು ತಣ್ಣೀರಿಗೆ ಹಿಡಿಯಿರಿ. ನೀರು ಒರೆಸಿಕೊಂಡು ಅಂಗೈಗೆ ಅರ್ಧ ಚಮಚ ಅಡುಗೆ ಎಣ್ಣೆ, ಒಂದು ಚಮಚ ಸಕ್ಕರೆ ಹಾಕಿಕೊಳ್ಳಿ. ಬೆರಳ ತುದಿ, ಬೆರಳ ಸಂದಿ, ಉಂಗುರದ ಕೆಳಗೆ ಒಂದು ನಿಮಿಷ ತಿಕ್ಕಿ. ಸಕ್ಕರೆ ಬದಲು ಉಪ್ಪೂ ಆಗುತ್ತದೆ, ಆದರೆ ಗಾಯವಿದ್ದರೆ ಉರಿ ತಡೆಯೋಕಾಗಲ್ಲ. ಈಗಲೇ ನೀರು ಮುಟ್ಟಬೇಡಿ. ಎಣ್ಣೆ ಮೇಲೆಯೇ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ತಿಕ್ಕಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸಿ. ಎಣ್ಣೆ ಬಿಳಿ ಹಾಲಿನಂತಾಗಿ ಜಾರಿಹೋಗುವಾಗ ವಾಸನೆಯನ್ನೂ ಜೊತೆಗೆ ಎಳೆದೊಯ್ಯುತ್ತದೆ.

ಇಷ್ಟಾದರೂ ವಾಸನೆ ಉಳಿದಿದ್ದರೆ ಉಗುರು ಸಂದಿ ನೋಡಿ. ಬೆಳ್ಳುಳ್ಳಿ ಸಿಪ್ಪೆಯನ್ನು ಉಗುರಿನಿಂದಲೇ ಎಬ್ಬಿಸುತ್ತೇವೆ ಅಲ್ವಾ? ಕಳ್ಳ ಅಲ್ಲೇ ಇರುತ್ತಾನೆ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಮುಗಿಯಿತು.

ಸ್ಟೀಲ್ ಚಮಚಕ್ಕೆ ಕೈ ಉಜ್ಜಿದರೆ ವಾಸನೆ ಹೋಗುತ್ತದೆ ಅನ್ನುವವರು ಜಾಸ್ತಿ. ನಾನೂ ನಲ್ಲಿ ಕೆಳಗೆ ಉಜ್ಜಿ ನೋಡಿದ್ದೇನೆ, ಅರ್ಧಂಬರ್ಧ ಹೋಯಿತು. ಖರ್ಚಿಲ್ಲದ ಕೆಲಸ, ಮಾಡಿ ನೋಡಿ. ಅದಕ್ಕೆಂದೇ ಮಾರುವ ಸ್ಟೀಲ್ ಸೋಪಿಗೆ ಸುಮ್ನೆ ದುಡ್ಡು ಹಾಕಬೇಡಿ. ಸೋಸಿ ಉಳಿದ ಕಾಫಿ ಚರಟದಲ್ಲಿ ತಿಕ್ಕುವುದೂ ಉಂಟು. ಅದು ವಾಸನೆ ತೆಗೆಯುವುದಕ್ಕಿಂತ ಮುಚ್ಚುವುದೇ ಹೆಚ್ಚು.

ಮೀನಿನ ಲೆಕ್ಕ ಬೇರೆ. ಅಲ್ಲಿ ಮುಖ್ಯ ಅಪರಾಧಿ ಟ್ರೈಮಿಥೈಲಮೀನ್, ಅದೊಂದು ಕ್ಷಾರ. ಹುಳಿ ತಾಗಿದರೆ ಲವಣವಾಗಿ ಬದಲಾಗುತ್ತದೆ, ಗಾಳಿಗೆ ಹಾರುವುದಿಲ್ಲ, ಮೂಗಿಗೂ ಬರುವುದಿಲ್ಲ. ಸಾಮಾನ್ಯ ಸೋಪೂ ಅಡುಗೆ ಸೋಡಾವೂ ಕ್ಷಾರದ ಕಡೆಯವೇ. ಮೊದಲೇ ಅವನ್ನು ಹಚ್ಚಿದರೆ ವಾಸನೆ ಏಳುತ್ತದೆಯೇ ಹೊರತು ಅಡಗುವುದಿಲ್ಲ. ಹಾಗಾಗಿ ಮೊದಲು ಅರ್ಧ ನಿಂಬೆಹಣ್ಣನ್ನು ಕೈಗೆ ಉಜ್ಜಿ, ಇಲ್ಲವೇ ಒಂದು ಚಮಚ ವಿನೆಗರ್‌ಗೆ ಎರಡು ಚಮಚ ನೀರು ಬೆರೆಸಿ ಹಚ್ಚಿ. ಒಂದು ನಿಮಿಷ ಬಿಟ್ಟು, ಬರೀ ನೀರಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಸೋಪು. ನಿಂಬೆರಸ ಕೈಯಲ್ಲಿ ಉಳಿದಿರುವಾಗಲೇ ಬಿಸಿಲಿಗೆ ಹೋಗಬೇಡಿ. ಆ ರಸ ಮತ್ತು ಬಿಸಿಲು ಸೇರಿದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಬೀಳಬಹುದು.

ಹೋಯಿತೋ ಇಲ್ಲವೋ ಎಂದು ನೀವೇ ಮೂಸಿ ತೀರ್ಮಾನಿಸಬೇಡಿ. ಅಷ್ಟು ಹೊತ್ತು ಅದೇ ವಾಸನೆಯಲ್ಲಿದ್ದ ಮೂಗು ಅದಕ್ಕೆ ಒಗ್ಗಿಹೋಗಿರುತ್ತದೆ. ಅಡುಗೆಮನೆಗೆ ಆಗಷ್ಟೇ ಬಂದವರ ಮುಂದೆ ಕೈ ಚಾಚಿ. ಅವರು ಮುಖ ಸಿಂಡರಿಸಿದರೆ ಎಣ್ಣೆ ಬಾಟಲಿ ಇನ್ನೂ ಒಳಗಿಡಬೇಡಿ.