ಟೇಕ್ವಾಂಡೊ ಕ್ಲಾಸಿಗೆ ಹೊಸದಾಗಿ ಬರುವವರಿಗೆ: ಒದೆಯುವುದಕ್ಕೆ ಮೊದಲು ಕಲಿಯಬೇಕಾದ್ದು

ಟೇಕ್ವಾಂಡೊ ಕೊರಿಯಾದ ಸಮರಕಲೆ, ಕಾಲಿನ ಹೊಡೆತಕ್ಕೆ ಹೆಸರಾದದ್ದು. ಹಾಗಾಗಿ ಹೊಸಬರು ಬಂದ ಕೂಡಲೇ ಕೇಳುವುದು ಒಂದೇ: "ಮೇಡಂ, ಕಿಕ್ ಯಾವಾಗ ಕಲಿಸ್ತೀರಾ?" ಮೊದಲು ಬೆಲ್ಟ್ ಕಟ್ಟೋದು, ಸಾಲಿನಲ್ಲಿ ನಿಲ್ಲೋದು, ಬಗ್ಗೋದು, ಜೊತೆಗಾರರು ಒದೆಯೋಕೆ ಪ್ಯಾಡ್ ಹಿಡಿಯೋದು, ಆಮೇಲೆ ಕಿಕ್ ಅಂತೀನಿ. ಎಷ್ಟೋ ಜನರ ಮುಖ ಅಲ್ಲೇ ಸಪ್ಪಗಾಗುತ್ತದೆ.

ನಾನು ಬೆಂಗಳೂರಿನ ಹನುಮಂತನಗರದವಳು. ಹಗಲು ಬ್ಯಾಂಕ್ ಕೆಲಸ, ಸಂಜೆ ಬನಶಂಕರಿಯ ಒಂದು ಶಾಲೆಯ ಹಾಲ್‌ನಲ್ಲಿ ನಮ್ಮ ಮಾಸ್ಟರ್‌ಗೆ ಸಹಾಯ. ಬಿಳಿ ಬೆಲ್ಟಿನ, ಅಂದರೆ ಹೊಸಬರ ಬ್ಯಾಚ್ ನನ್ನ ಪಾಲಿಗೆ ಬಂದಿದೆ. ಮಗಳನ್ನು ಕ್ಲಾಸಿಗೆ ಬಿಟ್ಟು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವಳು, ಸುಮ್ನೆ ಕೂರುವ ಬದಲು ಒಳಗೆ ಬಂದೆ. ಮಗಳು ಪಿಯುಸಿ ಓದು ಅಂತ ಬಿಟ್ಟಳು, ನಾನು ಬಿಡಲಿಲ್ಲ. ಆ ಬೆಂಚಿನ ಮೇಲೆ ಕೂತಿರುವವರಿಗೂ, ಮಕ್ಕಳನ್ನು ಸೇರಿಸಬೇಕು ಅಂತಿರುವವರಿಗೂ ಇದನ್ನು ಬರೆಯುತ್ತಿದ್ದೇನೆ.

ಬಗ್ಗೋದು, ಕೇಳಿ ಹೋಗೋದು ಇವೆಲ್ಲ ತೋರಿಕೆಗೆ ಅಂತ ತಿಳಿಯಬೇಡಿ. ಒಂದು ಹಾಲ್‌ನಲ್ಲಿ ಅಷ್ಟು ಜನ ಕಾಲು ಬೀಸಿಯೂ ಎಲ್ಲರ ಹಲ್ಲು ಬಾಯಲ್ಲೇ ಉಳಿಯುವುದು ಈ ಶಿಸ್ತಿನಿಂದ.

ಮನೆಯಿಂದ ಹೊರಡುವ ಮುಂಚೆ

ಹೆಂಗಸರಿಗೆ ನಾನು ಮೊದಲು ಹೇಳುವುದು ಕಾಲುಂಗುರದ ವಿಷಯ. ಅದು ಮ್ಯಾಟಿನ ಸಂದಿಗೆ ಸಿಕ್ಕಿಕೊಂಡರೆ ಬೆರಳು ತಿರುಚಿಕೊಳ್ಳುತ್ತದೆ. ಎದುರಿನವರಿಗೆ ತಾಗಿದರೆ ಚರ್ಮ ಗೀರುತ್ತದೆ. ಬರೀ ಬೇಸಿಕ್ ಅಭ್ಯಾಸದ ದಿನ ಮೇಲೆ ಟೇಪ್ ಸುತ್ತಿಕೊಂಡರೆ ನಡೆಯುತ್ತದೆ, ಸ್ಪಾರಿಂಗ್, ಅಂದರೆ ಇಬ್ಬರು ಎದುರುಬದುರು ಆಡುವ ದಿನ ತೆಗೆಯಲೇಬೇಕು. ನಮ್ಮತ್ತೆ ಮೊದಲ ಸಲ ನೋಡಿ, "ಇದೇನೇ, ಕಾಲುಂಗುರ ತೆಗೆದು ಹೋಗ್ತೀಯಾ?" ಅಂದರು. "ಹಾಕ್ಕೊಂಡು ಹೋದ್ರೆ ಯಾರದೋ ಮಗೂಗೆ ಗೀರುತ್ತೆ ಅತ್ತೆ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಒಂದು ಪುಟ್ಟ ಕುಂಕುಮದ ಭರಣಿ ತಂದುಕೊಟ್ಟು, "ಇದರೊಳಗೆ ಹಾಕಿಡು, ಎಲ್ಲೆಂದರಲ್ಲಿ ಬಿಸಾಕಬೇಡ" ಅಂದರು. ಆ ಭರಣಿ ಈಗಲೂ ನನ್ನ ಬ್ಯಾಗಿನಲ್ಲಿದೆ. ತಾಳಿ ಸರ, ಓಲೆ, ಮೂಗುತಿಗೂ ಇದೇ ಮಾತು. ಗಾಜಿನ ಬಳೆ ಅಂತೂ ಬೇಡವೇ ಬೇಡ. ಗಂಡಸರೇ, ಕಡಗ ತೆಗೆಯಿರಿ. ಕಾಲಿನ ಉಗುರು ಎಲ್ಲರೂ ಕತ್ತರಿಸಿಕೊಂಡು ಬನ್ನಿ.

ಚಪ್ಪಲಿ ಹೊರಗೆ ಬಿಡುವುದು ನಮಗೆ ಯಾರೂ ಕಲಿಸಬೇಕಿಲ್ಲ. ಆದರೆ ಬರಿಗಾಲಲ್ಲಿ ಬಾತ್‌ರೂಮಿಗೆ ಹೋಗಿ, ಅದೇ ಒದ್ದೆ ಕಾಲಲ್ಲಿ ಮ್ಯಾಟ್ ಹತ್ತುವವರು ಜಾಸ್ತಿ. ಆ ಮ್ಯಾಟಿನ ಮೇಲೆ ಇನ್ನೊಬ್ಬರು ಕೈಯೂರಿ ದಂಡ ಹೊಡೆಯುತ್ತಾರೆ. ಒಂದು ಜೊತೆ ಹವಾಯಿ ಚಪ್ಪಲಿ ಬಾಗಿಲ ಹತ್ತಿರ ಇರಲಿ.

ಸಮವಸ್ತ್ರಕ್ಕೆ ದೋಬೋಕ್ ಅನ್ನುತ್ತಾರೆ. ಅದರ ಸೈಜ್ ಎತ್ತರದ ಸೆಂಟಿಮೀಟರ್ ಲೆಕ್ಕದಲ್ಲಿ ಬರುತ್ತದೆ: 130, 140, 150 ಹೀಗೆ. ಮಕ್ಕಳಿಗೆ ಒಂದು ಸೈಜ್ ದೊಡ್ಡದು ತೆಗೆದುಕೊಂಡು ತುದಿ ಮಡಚಿ ಹೊಲಿಸಿ. ಹತ್ತಿ ಬಟ್ಟೆಯಾದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಹೆಂಗಸರು, ಹುಡುಗಿಯರು ಒಳಗೆ ಬಿಳಿ ಟೀ ಶರ್ಟ್ ಹಾಕಿಕೊಳ್ಳುತ್ತಾರೆ. ಬೆಂಗಳೂರಿನ ಮಳೆಗಾಲದಲ್ಲಿ ದೋಬೋಕ್ ಎರಡು ದಿನವಾದರೂ ಒಣಗುವುದಿಲ್ಲ. ವಾರಕ್ಕೆ ಮೂರು ಕ್ಲಾಸ್ ಇದ್ದರೆ ಎರಡು ಜೊತೆ ಇಟ್ಟುಕೊಳ್ಳಿ. ಮುಗ್ಗುಲು ವಾಸನೆಯ ದೋಬೋಕ್ ಹಾಕಿಕೊಂಡು ಬಂದವರ ಪಕ್ಕ ನಿಲ್ಲುವ ಕಷ್ಟ ನಿಮಗೆ ಗೊತ್ತಿಲ್ಲ.

ಬೆಲ್ಟ್

ಬಣ್ಣಗಳ ಸಾಲು ಸಾಮಾನ್ಯವಾಗಿ ಬಿಳಿ, ಹಳದಿ, ಹಸಿರು, ನೀಲಿ, ಕೆಂಪು, ಕಪ್ಪು. 15 ವರ್ಷದೊಳಗಿನ ಮಕ್ಕಳಿಗೆ ಕಪ್ಪಿನ ಬದಲು ಅರ್ಧ ಕೆಂಪು ಅರ್ಧ ಕಪ್ಪಿನ ಪೂಮ್ ಬೆಲ್ಟ್.

ಕಟ್ಟುವ ರೀತಿ ಹೀಗೆ. ಬೆಲ್ಟನ್ನು ಎರಡಾಗಿ ಮಡಚಿ ನಡುಭಾಗ ಗುರುತಿಸಿ. ಆ ಜಾಗ ಹೊಕ್ಕುಳ ಮೇಲೆ ಬರಲಿ. ಎರಡೂ ತುದಿ ಹಿಂದಕ್ಕೆ ಹೋಗಿ, ಬೆನ್ನ ಹಿಂದೆ ಒಂದರ ಮೇಲೊಂದು ಮಟ್ಟಸವಾಗಿ ಕೂತು, ಮುಂದೆ ಬರಬೇಕು. ಎರಡು ತುದಿ ಹಿಡಿದು ಮುಂದಕ್ಕೆ ಎಳೆಯಿರಿ, ಉದ್ದ ಸಮ ಇದೆಯಾ ನೋಡಿ. ಈಗ ಮೇಲಿನ ತುದಿಯನ್ನು ಸೊಂಟದ ಎರಡೂ ಸುತ್ತಿನ ಕೆಳಗಿನಿಂದ ತೂರಿಸಿ ಮೇಲಕ್ಕೆ ತೆಗೆಯಿರಿ. ಎಲ್ಲರೂ ಎಡವುವುದು ಇಲ್ಲೇ, ಒಂದೇ ಸುತ್ತಿನ ಕೆಳಗೆ ತೂರಿಸಿಬಿಡುತ್ತಾರೆ. ಹಾಗೆ ಮಾಡಿದರೆ ಹತ್ತು ಕಿಕ್ ಹೊಡೆಯುವಷ್ಟರಲ್ಲಿ ಬೆಲ್ಟ್ ಜಾರಿ ಮಂಡಿಗೆ ಬರುತ್ತದೆ. ಮೇಲೆ ಬಂದ ತುದಿಯನ್ನು ಕೆಳಗಿಳಿಸಿ ಇನ್ನೊಂದರ ಜೊತೆ ಗಂಟು ಹಾಕಿ. ಗಂಟು ಚಪ್ಪಟೆಯಾಗಿ, ಅಡ್ಡ ಕೂತರೆ ಸರಿ. ತುದಿಗಳು ಮೇಲೊಂದು ಕೆಳಗೊಂದು ನಿಂತರೆ ಗಂಟಿನ ಎರಡನೇ ಸುತ್ತನ್ನು ಅದೇ ದಿಕ್ಕಿಗೆ ಹಾಕಿದ್ದೀರಿ, ಬಿಚ್ಚಿ ಮತ್ತೆ ಹಾಕಿ.

ಕ್ಲಾಸಿನ ನಡುವೆ ಬೆಲ್ಟ್ ಬಿಚ್ಚಿದರೆ ಮಾಸ್ಟರ್‌ಗೂ ಹಾಲಿನ ಮುಂದೆ ಹಾಕಿರುವ ಬಾವುಟಗಳಿಗೂ ಬೆನ್ನು ಹಾಕಿ ತಿರುಗಿ, ಕಟ್ಟಿಕೊಂಡು, ಮತ್ತೆ ಈ ಕಡೆ ತಿರುಗಬೇಕು. ಬಟ್ಟೆ ಸರಿಮಾಡಿಕೊಳ್ಳುವುದನ್ನು ಹಿರಿಯರ ಎದುರಿಗೇ ಮಾಡಬಾರದು ಅನ್ನುವ ಲೆಕ್ಕ. ಬೆಲ್ಟನ್ನು ನೆಲದ ಮೇಲೆ ಎಸೆಯಬೇಡಿ. ಒಗೆಯಲೇಬಾರದು ಅನ್ನುವವರೂ ಇದ್ದಾರೆ. ನಾನು ತಣ್ಣೀರಲ್ಲಿ ಬೇರೆಯಾಗಿ ಅದ್ದಿ ತೆಗೆಯುತ್ತೇನೆ, ಬೆವರು ಬೆವರೇ ಅಲ್ವಾ?

ಅಂದಹಾಗೆ, ಇದೆಲ್ಲ 2000 ವರ್ಷ ಹಳೆಯ ಸಂಪ್ರದಾಯ ಅಂತ ಪೋಸ್ಟರ್‌ಗಳಲ್ಲಿ ಬರೆದಿರುತ್ತಾರೆ. ನಂಬಬೇಡಿ. ಬೆಲ್ಟಿನ ಪದ್ಧತಿ ಬಂದದ್ದು ಜಪಾನಿನ ಜೂಡೋದಿಂದ. ಕೊರಿಯಾದಲ್ಲಿ ಕಾಲಿನ ಆಟದ ಹಳೆಯ ಪರಂಪರೆ ಇದ್ದದ್ದು ನಿಜ. ಆದರೆ ಟೇಕ್ವಾಂಡೊ ಅನ್ನುವ ಹೆಸರು ಬಂದದ್ದು 1955ರಲ್ಲಿ. ಅದನ್ನು ಕಟ್ಟಿದವರಲ್ಲಿ ಹಲವರು ಮೊದಲು ಜಪಾನಿನ ಕರಾಟೆ ಕಲಿತವರು. ಹೊಸದಾದರೇನು, ಚೆನ್ನಾಗಿದೆ.

ಬಾಗಿಲಿನಿಂದ ಸಾಲಿನವರೆಗೆ

ಅಭ್ಯಾಸದ ಜಾಗಕ್ಕೆ ದೋಜಾಂಗ್ ಅನ್ನುತ್ತಾರೆ. ಶಾಲೆಯ ಹಾಲ್ ಆಗಲಿ, ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಆಗಲಿ, ಕ್ಲಾಸ್ ನಡೆಯುವಷ್ಟು ಹೊತ್ತು ಅದು ದೋಜಾಂಗೇ. ಬಾಗಿಲಲ್ಲಿ ನಿಂತು ಬಾವುಟಗಳ ಕಡೆ ಬಗ್ಗಬೇಕು. ಹಿಮ್ಮಡಿ ಕೂಡಿಸಿ, ಕೈ ತೊಡೆಯ ಪಕ್ಕಕ್ಕೆ ಇಟ್ಟು, ಸೊಂಟದಿಂದ ಬಗ್ಗಿ, ಒಂದು ಕ್ಷಣ ನಿಂತು ಮೇಲೇಳಿ. ತಲೆ ಮಾತ್ರ ಆಡಿಸಿ ಓಡಬೇಡಿ. ಮೊಮ್ಮಗನನ್ನು ಕರೆತಂದ ತಾತ ಒಬ್ಬರು "ಇದು ಪೂಜೆನಾಮ್ಮ?" ಅಂತ ಕೇಳಿದ್ದರು. ಪೂಜೆ ಅಲ್ಲ, ಯಾವ ದೇವರೂ ಇಲ್ಲ, ನಮಸ್ಕಾರ ಅಷ್ಟೇ. ಗುರುಪೂರ್ಣಿಮೆ ದಿನ ಮಾಸ್ಟರ್ ಕಾಲಿಗೆ ಬೀಳುವ ಮಕ್ಕಳಿದ್ದಾರೆ. ಅದು ನಮ್ಮ ಕಡೆಯ ಸೇರ್ಪಡೆ, ದೋಜಾಂಗಿನ ನಿಯಮ ಕೇಳುವುದು ಬಗ್ಗುವುದನ್ನು ಮಾತ್ರ.

ಕೊಡುವಾಗ, ತೆಗೆದುಕೊಳ್ಳುವಾಗ ಎರಡು ಕೈ. ಒಂದೇ ಕೈ ಬಿಡುವಿದ್ದರೆ ಬಲಗೈ ಚಾಚಿ, ಎಡಗೈಯನ್ನು ಬಲ ಮುಂಗೈಗೆ ಆನಿಸಿ. ಕೊರಿಯಾದವರು ಹಿರಿಯರ ಕೈ ಕುಲುಕುವುದೂ ಹೀಗೇ. ಎಡಗೈಯಲ್ಲಿ ಕೊಟ್ಟರೆ ಅಜ್ಜಿ ಬೈಯುತ್ತಿದ್ದ ಮನೆಯಲ್ಲಿ ಬೆಳೆದವರಿಗೆ ಇದು ಕಷ್ಟವಾಗುವುದಿಲ್ಲ.

ಸಾಲಿನಲ್ಲಿ ಮೇಲಿನ ಬೆಲ್ಟಿನವರು ಮುಂದೆ, ಬಲತುದಿಯಲ್ಲಿ. ವಯಸ್ಸು ನೋಡುವುದಿಲ್ಲ. ದೊಡ್ಡವರಿಗೆ ಇದು ಗಂಟಲಲ್ಲಿ ಇಳಿಯುವುದು ಸ್ವಲ್ಪ ನಿಧಾನ. ನಮ್ಮಲ್ಲಿ ಆರನೇ ಕ್ಲಾಸಿನ ಕೆಂಪು ಬೆಲ್ಟಿನ ಹುಡುಗಿ ಮುಂದೆ ನಿಲ್ಲುತ್ತಾಳೆ, ಐವತ್ತು ದಾಟಿದ ಕಾಲೇಜು ಮೇಷ್ಟ್ರು ಕೊನೆಯ ಸಾಲಿನಲ್ಲಿ. ಅವಳು "ಅಂಕಲ್, ಹಿಂದಿನ ಕಾಲು ನೇರ ಮಾಡಿ" ಅಂದರೆ ಅವರು ಮಾಡುತ್ತಾರೆ. ಹೊರಗೆ ಬಂದ ಮೇಲೆ ಅವಳ ಗಣಿತದ ಹೋಂವರ್ಕ್ ಅವರೇ ನೋಡಿಕೊಡುತ್ತಾರೆ. ಕೊರಿಯಾದಲ್ಲಿ ಗುರುವನ್ನು ಸಬೊಮ್‌ನಿಮ್ ಅಂತ ಕರೆಯುತ್ತಾರೆ, ನಮ್ಮೂರಲ್ಲಿ ಮಾಸ್ಟರ್, ಸರ್. ಎರಡೂ ನಡೆಯುತ್ತದೆ.

ತಡವಾಯಿತಾ? ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಟ್ರಾಫಿಕ್ ಅಂತ ಕಥೆ ಹೇಳಬೇಡಿ, ಎಲ್ಲರೂ ಅಲ್ಲಿಂದಲೇ ಬಂದವರು. ಬಾಗಿಲಲ್ಲಿ ನಿಂತು, ಮಾಸ್ಟರ್ ನೋಡಿ ತಲೆಯಾಡಿಸಿದ ಮೇಲೆ ಬಗ್ಗಿ ಒಳಗೆ ಬನ್ನಿ. ಸಾಲಿನ ನಡುವೆ ನುಗ್ಗದೆ ಹಿಂದಿನಿಂದ ಹೋಗಿ. ಮೂಲೆಯಲ್ಲಿ ಮೈ ಬಿಸಿ ಮಾಡಿಕೊಂಡು ಸೇರಿಕೊಳ್ಳಿ. ಕ್ಲಾಸ್ ಬಿಟ್ಟು ಹೊರಗೆ ಹೋಗಬೇಕಾದರೂ ಹೇಳಿ ಹೋಗಿ. ತಲೆ ಸುತ್ತಿ ಯಾರಾದರೂ ಹೊರಗೆ ಬಿದ್ದಿದ್ದರೆ ನಮಗೆ ಗೊತ್ತಾಗಬೇಕಲ್ಲ.

ಆಜ್ಞೆಗಳು ಕೊರಿಯನ್ ಭಾಷೆಯಲ್ಲಿ. ಚಾರ್ಯೊತ್ ಅಂದರೆ ಸಾವಧಾನ್, ಕ್ಯೊಂಗ್ನೆ ಅಂದರೆ ಬಗ್ಗಿ, ಜುನ್‌ಬಿ ಸಿದ್ಧ, ಸಿಜಾಕ್ ಶುರು, ಕುಮಾನ್ ನಿಲ್ಲಿಸಿ. ಎಣಿಕೆ: ಹಾನಾ, ತುಲ್, ಸೆತ್, ನೆತ್, ತಾಸೊತ್, ಯೊಸೊತ್, ಇಲ್ಗೊಪ್, ಯೊದೊಲ್, ಆಹೊಪ್, ಯೊಲ್. ಉಳಿದದ್ದು ಮರೆತರೂ ಕುಮಾನ್ ಮರೆಯಬೇಡಿ.

ಪ್ಯಾಡ್ ಹಿಡಿಯುವುದು

ನನ್ನ ಪ್ರಕಾರ ಒಬ್ಬರು ಎಂಥ ವಿದ್ಯಾರ್ಥಿ ಅಂತ ಗೊತ್ತಾಗುವುದು ಅವರು ಪ್ಯಾಡ್ ಹಿಡಿದಾಗ. ಜೊತೆಗಾರರಿಗೆ ಬಗ್ಗಿ, ಎರಡು ಕೈಯಲ್ಲಿ ಪ್ಯಾಡ್ ತೆಗೆದುಕೊಳ್ಳಿ. ಒಂದು ಕಾಲು ಹಿಂದಿಟ್ಟು ಗಟ್ಟಿಯಾಗಿ ನಿಲ್ಲಿ. ಪ್ಯಾಡ್ ನಿಮ್ಮ ಮುಖದಿಂದ, ಎದೆಯಿಂದ ದೂರ, ಪಕ್ಕಕ್ಕೆ ಇರಲಿ. ಮೊಣಕೈ ಸ್ವಲ್ಪ ಮಡಚಿರಲಿ, ತೋಳು ನೆಟ್ಟಗೆ ಚಾಚಿದರೆ ಪೆಟ್ಟು ಭುಜಕ್ಕೆ ಹೋಗುತ್ತದೆ. ಎತ್ತರ ಜೊತೆಗಾರರ ಅಳತೆಗೆ: ಹೊಸಬರಾದರೆ ಅವರ ಬೆಲ್ಟಿನ ಮಟ್ಟ. ಕಾಲು ಬರುವಾಗ ಪ್ಯಾಡ್ ಹಿಂದಕ್ಕೆ ಎಳೆದುಕೊಳ್ಳಬೇಡಿ. ಗಾಳಿಗೆ ಒದ್ದ ಕಾಲಿನ ಮಂಡಿ ಜಗ್ಗುತ್ತದೆ, ಒದ್ದವರು ಮುಗ್ಗರಿಸುತ್ತಾರೆ. ತಾಗುವ ಹೊತ್ತಿಗೆ ಮಣಿಕಟ್ಟು ಬಿಗಿ ಮಾಡಿ, ಒಂಚೂರು ಎದುರು ಕೊಡಿ. ಟಪ್ ಅಂತ ಸದ್ದು ಬಂದಾಗ ಇಬ್ಬರಿಗೂ ಖುಷಿ. ಫೋನ್ ಕಡೆ, ಕಿಟಕಿ ಕಡೆ ನೋಡುತ್ತಾ ಹಿಡಿಯುವವರ ಎದುರು ನಾನು ನಿಲ್ಲುವುದೇ ಇಲ್ಲ.

ಇನ್ನು ಕಿಕ್. ಎಲ್ಲರಿಗೂ ಬೇಕಾದದ್ದು ಪಕ್ಕದಿಂದ ಬೀಸಿ ಹೊಡೆಯುವ ದೊಲ್ಯೊ ಚಾಗಿ. ಮಂಡಿ ಮೊದಲು ಮೇಲೆ ಬರಬೇಕು, ಆಮೇಲೆ ನಿಂತ ಕಾಲಿನ ಹಿಮ್ಮಡಿ ಎದುರಿನವರ ಕಡೆಗೆ ತಿರುಗಬೇಕು, ಆಮೇಲೆ ಪಾದದ ಮೇಲ್ಭಾಗದಿಂದ ಹೊಡೆತ. ನಿಂತ ಪಾದ ತಿರುಗದೆ ಸೊಂಟ ಮಾತ್ರ ತಿರುಗಿದರೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಮಂಡಿಯನ್ನು ಹಿಂಡಿದಂತೆ. ಹೊಸ ಮ್ಯಾಟ್‌ಗಳು ಪಾದಕ್ಕೆ ಅಂಟುತ್ತವೆ, ಅಲ್ಲಿ ಇನ್ನೂ ಜಾಗ್ರತೆ. ನಲವತ್ತು ದಾಟಿದವರು, ದಿನವಿಡೀ ಕುರ್ಚಿಯಲ್ಲಿ ಕೂತವರು, ಮೊದಲ ಮೂರು ತಿಂಗಳು ಸೊಂಟಕ್ಕಿಂತ ಮೇಲೆ ಕಾಲೆತ್ತಬೇಡಿ. ಯಾರೂ ನಗುವುದಿಲ್ಲ. ನಕ್ಕರೆ ನನಗೆ ಹೇಳಿ.

ಕಿಹಾಪ್ ಅಂದರೆ ಹೊಡೆಯುವಾಗಿನ ಕೂಗು. ನಮ್ಮವರಿಗೆ ಇದೇ ನಾಚಿಕೆ, ಅದರಲ್ಲೂ ಹೆಂಗಸರಿಗೆ. ಗಂಟಲಿನಿಂದ ಕಿರುಚಬೇಡಿ, ಹೊಟ್ಟೆಯಿಂದ ಉಸಿರು ಹೊರಹಾಕಿ. ಮನೆಯ ಟೆರೇಸ್ ಮೇಲೆ ಬೆಳಗ್ಗೆ ಆರಕ್ಕೆ ಇದನ್ನು ಅಭ್ಯಾಸ ಮಾಡಬೇಡಿ, ಪಕ್ಕದ ಮನೆಯವರು ಓಡಿ ಬರುತ್ತಾರೆ. ಟೆರೇಸಿಗೆ ಪೂಮ್ಸೆ ಒಳ್ಳೆಯದು. ಒಂಟಿಯಾಗಿ ಮಾಡುವ, ಹೆಜ್ಜೆ ಗೊತ್ತುಮಾಡಿದ ಅಭ್ಯಾಸ ಅದು. ಕಪ್ಪು ಬೆಲ್ಟಿನ ಮುಂಚೆ ತೆಗುಕ್ ಹೆಸರಿನ ಎಂಟು ಇವೆ. ಮೊದಲನೆಯದು ಇಲ್ ಜಾಂಗ್: ಎಡಕ್ಕೆ ತಿರುಗಿ ಕೆಳಗಿನ ತಡೆ, ಹೆಜ್ಜೆ ಮುಂದಿಟ್ಟು ಗುದ್ದು, ಹಿಂದಕ್ಕೆ ತಿರುಗಿ ಅದನ್ನೇ ಇನ್ನೊಂದು ಕಡೆ. ಶುರು ಮಾಡಿದ ಜಾಗಕ್ಕೇ ಬಂದು ನಿಲ್ಲಬೇಕು. ನೀರಿನ ಟ್ಯಾಂಕಿನ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿ ನೋಡಿ, ನಿಮ್ಮ ಯಾವ ಹೆಜ್ಜೆ ಗಿಡ್ಡ ಅಂತ ತಾನೇ ಗೊತ್ತಾಗುತ್ತದೆ.

ಸ್ಪಾರಿಂಗ್ ಬೇಗ ಬೇಡ. ಬಂದಾಗ ಎದೆಗೆ "ಹೋಗು" ಅನ್ನುವ ಕವಚ, ತಲೆಗೆ ಹೆಲ್ಮೆಟ್, ಬಾಯಿಗೆ ಗಾರ್ಡ್, ಕಾಲು ಕೈಗೆ ಪ್ಯಾಡ್, ಯಾವುದೂ ತಪ್ಪಬಾರದು. ಒಲಿಂಪಿಕ್ಸ್ ಮಾದರಿಯಲ್ಲಿ ಎದೆಗೆ ಗುದ್ದಿದರೆ 1 ಅಂಕ, ಎದೆಗೆ ಒದ್ದರೆ 2, ತಲೆಗೆ 3. ತಿರುಗಿ ಒದ್ದರೆ ಎದೆಗೆ 4, ತಲೆಗೆ 5. ಮುಖಕ್ಕೆ ಗುದ್ದುವಂತಿಲ್ಲ. ಅಭ್ಯಾಸದಲ್ಲಿ ಜೋರು ಎಷ್ಟು ಅನ್ನುವುದನ್ನು ಕೆಳಗಿನ ಬೆಲ್ಟಿನವರು ತೀರ್ಮಾನಿಸಬೇಕು. ಪೆಟ್ಟು ಜಾಸ್ತಿ ಬಿದ್ದರೆ ಕೈ ಎತ್ತಿ. ಮುಗಿದ ಮೇಲೆ ಬಗ್ಗಿ, ಕೈ ಕುಲುಕಿ, ಎದುರಿನವರ ಕೋಚ್‌ಗೂ ಬಗ್ಗಿ ಬನ್ನಿ.

ಅಪ್ಪ ಅಮ್ಮಂದಿರಿಗೆ

ಬೆಂಚಿನ ಮೇಲಿಂದ "ಒದಿ ಕಂದಾ, ಒದಿ!" ಅಂತ ಕೂಗಬೇಡಿ. ಮಗು ನಿಮ್ಮ ಕಡೆ ತಿರುಗುತ್ತದೆ, ಆಗಲೇ ಪೆಟ್ಟು ತಿನ್ನುತ್ತದೆ. ಬೆಲ್ಟನ್ನು ನೀವು ಕಟ್ಟಿಕೊಡಬೇಡಿ, ಎಷ್ಟು ಹೊತ್ತಾದರೂ ಅದೇ ಕಟ್ಟಿಕೊಳ್ಳಲಿ.

ಸೇರಿಸುವ ಮೊದಲು ಯಾವ ಶೈಲಿ ಅಂತ ಕೇಳಿ. 1966ರಲ್ಲಿ ಕೊರಿಯಾದ ಸೇನಾ ಜನರಲ್ ಚೊಯ್ ಹೊಂಗ್ ಹಿ ಕಟ್ಟಿದ ಐಟಿಎಫ್ (ಇಂಟರ್‌ನ್ಯಾಷನಲ್ ಟೇಕ್ವಾಂಡೊ ಫೆಡರೇಷನ್) ಒಂದು. 1973ರಲ್ಲಿ ಶುರುವಾಗಿ ಈಗ ವರ್ಲ್ಡ್ ಟೇಕ್ವಾಂಡೊ ಅನ್ನಿಸಿಕೊಂಡಿರುವುದು ಇನ್ನೊಂದು. 2000ದ ಸಿಡ್ನಿಯಿಂದ ಒಲಿಂಪಿಕ್ಸ್ ಪದಕದ ಆಟವಾಗಿರುವುದು ಎರಡನೆಯದು. ಎರಡೂ ಒಳ್ಳೆಯವೇ, ಆದರೆ ಪೂಮ್ಸೆ, ನಿಯಮ, ಸರ್ಟಿಫಿಕೇಟ್ ಎಲ್ಲ ಬೇರೆ. ನಾನು ಇಲ್ಲಿ ಬರೆದಿರುವುದು ಎರಡನೆಯದರ ರೀತಿ.

ಗ್ರೇಡಿಂಗ್, ಅಂದರೆ ಬೆಲ್ಟ್ ಪರೀಕ್ಷೆಯ ಫೀಸ್ ವರ್ಷಕ್ಕೆ ಒಟ್ಟು ಎಷ್ಟು ಆಗುತ್ತದೆ ಅಂತ ಮೊದಲೇ ಕೇಳಿ, ನಾಚಿಕೆ ಬೇಡ. "ಒಂದು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ, ಪ್ಯಾಕೇಜ್ ಇಷ್ಟು" ಅಂದವರ ಹತ್ತಿರ ನನ್ನ ಅಕ್ಕನ ಮಗ ದುಡ್ಡು ಕಟ್ಟಿ, ಮನೆಯ ಪ್ರಿಂಟರಿನಲ್ಲಿ ತೆಗೆದಂಥ ಒಂದು ಹಾಳೆ ತಂದ. ನಮ್ಮ ಶೈಲಿಯಲ್ಲಿ ದಾನ್ (ಕಪ್ಪು ಬೆಲ್ಟಿನ ಹಂತ), ಪೂಮ್ ಸರ್ಟಿಫಿಕೇಟ್ ಬರುವುದು ಸೋಲ್ ನಗರದ ಕುಕ್ಕಿವಾನ್‌ನಿಂದ, 1972ರಲ್ಲಿ ಕಟ್ಟಿದ ಕೇಂದ್ರ ಕಚೇರಿ ಅದು. ಮೊದಲ ದಾನ್‌ನಿಂದ ಎರಡನೆಯದಕ್ಕೆ ಕನಿಷ್ಠ 1 ವರ್ಷ, ಅಲ್ಲಿಂದ ಮೂರನೆಯದಕ್ಕೆ 2, ನಾಲ್ಕನೆಯದಕ್ಕೆ 3 ವರ್ಷ ಕಾಯಬೇಕು. ಸರ್ಟಿಫಿಕೇಟಿನ ಮೇಲೆ ಒಂದು ನಂಬರ್ ಇರುತ್ತದೆ. ಅದನ್ನು ಕುಕ್ಕಿವಾನ್ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಮಗುವಿನದು ಬರುವವರೆಗೆ ಕಾಯಬೇಕಿಲ್ಲ. ಸೇರಿಸುವ ದಿನವೇ ಮಾಸ್ಟರ್ ಸರ್ಟಿಫಿಕೇಟ್ ತೋರಿಸಿ ಅನ್ನಿ. ಎರಡು ಕೈಯಲ್ಲಿ ತೆಗೆದುಕೊಂಡು, ನಂಬರ್ ಬರೆದುಕೊಂಡು, ಮನೆಗೆ ಬಂದು ನೋಡಿ.